ಎರಡು ರೂಪಾಯಿಗೊಂದು

ಚಿತ್ತಾಪುರದ ತಹಶೀಲ ಕಚೇರಿ ಎದುರಿಗಿ
ಬೇವಿನ ಗಿಡಕ್ಕ ಬೆನ್ನು ಹಚ್ಚಿ ನಿಂತದ ನನ್ನ ದುಕಾನ.
ಬೋರ್ಡಿನ ಮ್ಯಾಲ ಒಂದೇ ಮಾತು: ಕಾಪಿ.
ಬರಿಯಾಗ ಪೇಂಟರ್ ಚಂದಪ್ಪ ಕುಂಚ ಮ್ಯಾಲೆತ್ತಿ ಕೇಳಿದ್ದ,
'ಪಿ ಕೆಳಗ ಗೀಟು ಹೊಡಿಲ್ಯಾ, ಬಿಡ್ಲ್ಯಾ?'
ಬಿಡು ಅಂದೆ. ಆದ್ರೂ ವಾಡಿ ಸಿಮೆಂಟಿನ ಲಾರಿಯವರು
ಇಳದು ಬಂದು ಕೇಳ್ತಾರ:
ಸಕ್ಕರಿ ಕಮ್ಮಿ ಹಾಕಿ ಒಂದು ಕೊಡ್ರಿ.

ಬಾಜೂಕ ಚಾದ ಗಾಡಿ, ಲಾಲ್ ಅಹ್ಮದನದು.
ಕಪ್ಪು ತುಂಬೋತನಕ ಸುರದು
'ಕಾಫೀ ಹೈ ಕ್ಯಾ?' ಅಂತಾನ. ಸಾಕೇನು ಅಂತ ಅದರರ್ಥ.
ಅವನ ಸಾಕು, ನನ್ನ ನಕಲು, ಲಾರಿಯವರು ಕುಡಿಯೋದು,
ಮೂರೂ ಒಂದೇ ಗಾಳ್ಯಾಗ ಓಡ್ಯಾಡ್ತಾವ
ಈ ಹತ್ತು ಫೂಟಿನ ಶಹಾಬಾದ ಪರಸಿ ಮ್ಯಾಲ.

ಮಗಳು ಸುಗಂಧಾಗ ಕಾಪಿ ಅಂದ್ರ ಎರಡು ನೂರು ಹಾಳಿ,
ನಾಕು ಗೆರಿ, ರಟ್ಟಿನ ಮ್ಯಾಲ ನವಿಲು.
'ಅಪ್ಪಾ, ಇಂಗ್ಲಿಷಿಂದು ಕಾಪಿ ತಾ' ಅಂದಾಗ ಒಂದು ಸಲ
ಆಕಿ ಪುಸ್ತಕನೇ ಪೂರಾ ಜೆರಾಕ್ಸ್ ಮಾಡಿ ಒಯ್ದಿದ್ದೆ.
ಮೂರು ದಿನ ಮಾತಾಡ್ಲಿಲ್ಲ ಆಕಿ.

ಮಾರ್ಚ್ ತಿಂಗಳಾಗ ಅದೇ ಮಾತು ಪಿಸುಮಾತಾಗ್ತದ.
ಪೋರಗೋಳು ಬರ್ತಾವ, ಗೈಡು ಅಂಗಿ ಒಳಗ ಮುಚ್ಚಿ:
'ಅಣ್ಣಾ, ಸಣ್ಣ ಮಾಡು, ಇನ್ನೂ ಸಣ್ಣ,
ಅಂಗೈಯಾಗ ಕೂಡಬೇಕು.'
ಇಲ್ಲ ಅಂತೀನಿ. ಬೈಕೋತ ಹೋಗ್ತಾವ.
ಅವುಕ್ಕ ಗೊತ್ತಿಲ್ಲ, ನಾನೂ ಹೊಡದಾಂವನೇ.
ನಮ್ಮ ಕಡಿ ಕಾಪಿ ಮಾಡಂಗಿಲ್ಲ, ಹೊಡಿತಾರ,
ನಿದ್ದಿ ಹೊಡದಂಗ, ಗಪ್ಪಾ ಹೊಡದಂಗ.

ತೊಂಬತ್ತೆಂಟರ ಇಂಗ್ಲಿಷ್ ಪೇಪರ್.
ತೊಡಿ ಮ್ಯಾಲ ಪೆನ್ನಿಲೆ ಬರದ ಪದ್ಯದ ಸಾರಾಂಶ.
ಬೆವರಿಗಿ ಶಾಯಿ ಕರಗಿ ಪ್ಯಾಂಟಿಗಿ ಹತ್ತಿತು,
ಅದೇ ಹಿಡಕೊಟ್ಟಿತು.
ಅಂಬಾರಾಯ ಮಾಸ್ತರರು ಕೈ ಎತ್ತಲಿಲ್ಲ, ಪೇಪರ್ ಕಸಗೊಂಡು
'ಬರದದ್ದು ಓದಲಿಕ್ಕರೆ ಬರ್ತದೇನೋ?' ಅಂದ್ರು, ಅಷ್ಟೇ.
ಬರ್ತಿರಲಿಲ್ಲ, ಖರೇ. ತಿಳಿಲಾರದೇ ಬರಕೊಂಡಿದ್ದೆ,
ಮಷೀನಿನಂಗ.

ಮನ್ನಿ ಬಂದ್ರು ಅವರು. ಕನ್ನಡಕಕ್ಕ ದಾರ ಕಟ್ಟ್ಯಾರ.
ಗುರುತು ಹಿಡಿಲಿಲ್ಲ ನನ್ನ.
ಖಜಾನಿಯವರು ಕೇಳ್ಯಾರಂತ,
ಜೀವಂತ ಇದ್ದದ್ದಕ್ಕ ಪತ್ರ.
'ನಾನೇ ನಿಂತೀನಲ್ಲೋ ಎದುರಿಗಿ ಅಂದೆ.
ಮನುಷ್ಯಾರು ಫೈಲಿಗಿ ಹತ್ತಂಗಿಲ್ಲ, ಕಾಪಿ ತರ್ರಿ ಅಂದ.'
ನಕ್ಕರು. ಕೆಮ್ಮು ಬಂತು. ಆಮ್ಯಾಲ
ಇಬ್ಬರೂ ಸುಮ್ಮ ನಿಂತಿವಿ, ಕರೆಂಟು ಬರೋತನಕ.

ಆಧಾರ, ಪಿಂಚಣಿ ಪುಸ್ತಕ, ಮೊದಲ ನೌಕರಿ ಆರ್ಡರು:
ಎಪ್ಪತ್ತೊಂದನೇ ಇಸವಿದು, ಟೈಪ್ ಮಾಡಿದ್ದು,
ಮಡಿಕಿ ಬಿದ್ದಲ್ಲಿ ಅವರ ಹೆಸರೇ ಹರದದ.
ಕಾರ್ಬನ್ ಪ್ರತಿ ಅದು. ಐವತ್ತು ವರ್ಷ
ಪೆಟಗ್ಯಾಗ ಜೋಪಾನ ಮಾಡಿದ ಅಸಲೇ
ಯಾವುದೋ ಅಸಲಿನ ನಕಲು.
ಹೇಳಲಿಲ್ಲ ನಾನು. ಅವರಿಗಿ ಗೊತ್ತಿದ್ದೀತು.

ಗಾಜಿನ ಕೆಳಗ ಬೆಳಕು ಹೋತು, ಬಂತು.
ಹೆಂಚಿನ ಮ್ಯಾಲಿನ ರೊಟ್ಟಿಯಂಗ ಬಿಸಿ ಬಿಸಿ ಹೊರಗ ಬಿತ್ತು ಹಾಳಿ.
ಮಾಸ್ತರರು ಅದನ್ನ ಗಲ್ಲಕ್ಕ ಒತ್ತಿ ನೋಡಿದ್ರು.
ಇನ್ನ ಒಳಗ ಇದಕ್ಕ ಸಿಕ್ಕಾ ಬೀಳ್ತದ:
'ಮೂಲದೊಂದಿಗೆ ತಾಳೆ ನೋಡಲಾಗಿದೆ.'
ಯಾರೂ ನೋಡಂಗಿಲ್ಲ.

ಆರು ರೂಪಾಯಿ. ಬ್ಯಾಡ್ರಿ ಸರ ಅಂದೆ. ಯಾಕ ಅಂದ್ರು.
ಹೇಳಬೇಕಂತ ಬಾಯಿ ತೆರದೆ,
ತೊಡಿ ಚುರುಚುರು ಅಂದಂಗಾತು.
'ಹಳಿ ಬಾಕಿ ಅದರಿ.' ತಿಳಿಲಿಲ್ಲ ಅವರಿಗಿ.
ಚಿಲ್ಲರ ಎಣಿಸಿ ಇಟ್ಟೇ ಹೋದ್ರು.

ಮುಚ್ಚಳ ಎತ್ತಿದ್ರ
ಗಾಜಿನ ಮ್ಯಾಲ ಬೋರಲು ಮಲಗ್ಯಾದ ಎಪ್ಪತ್ತೊಂದರ ಹಾಳಿ.
ಎಲ್ಲಾರೂ ಮರಿತಾರ. ನನ್ನ ಡ್ರಾದಾಗ ಮೂವತ್ತು ಬಿದ್ದಾವ:
ಜಾತಿ, ಜನನ, ಒಂದು ನಿಕಾಹನಾಮಾ, ಹೊಲದ ನಕಾಶಿ.
ಬರಿಗಾಲಿಲೆ ಓಡಿದೆ ರೋಡಿಗಿ,
'ಸರಾ, ಅಸಲು ಇಲ್ಲೇ ಉಳದದ್ರೀ!'
ಟಂಟಂ ಏರ್ಯಾರ ಅವರು. ತಿರುಗಿ ನೋಡಿ
ಕೈಯಾಗಿನ ಲಕೋಟಿ ಮ್ಯಾಲೆತ್ತಿ ತೋರಿಸಿದ್ರು:
ಅದ, ಅದ.